ಬೆಲ್ಟ್ ಎಳೆಯುವವರು

ಪೆನ್ಸಿಲ್ವೇನಿಯಾದ ಈ ಮಣ್ಣಿನ ರೇಸ್ ಟ್ರ್ಯಾಕಿನಲ್ಲಿ ವೆರ್ಲಿನ್ ಹಾರ್ಟ್‌ಸೆಲ್ ಸುತ್ತಿದಷ್ಟು ಸುತ್ತನ್ನು ಗಾಣದ ಎತ್ತೂ ಸುತ್ತಿರಲಿಕ್ಕಿಲ್ಲ. ಗೆದ್ದದ್ದು ಮಾತ್ರ ಬೆರಳೆಣಿಕೆ. ಮಡ್‌ಗಾರ್ಡ್ ಕಿತ್ತು, ಬಾಗಿಲುಗಳನ್ನು ಬೆಸುಗೆ ಹಾಕಿ ಮುಚ್ಚಿ, ಒಳಗೆ ಕಬ್ಬಿಣದ ಪಂಜರ ಕೂರಿಸಿದ ಅವನ ೧೯೩೭ರ ಫೋರ್ಡ್ ಕಾರು ಈಗ ವರ್ಷಕ್ಕೊಮ್ಮೆ, ಹಳೇ ಕಾರುಗಳ ಭಾನುವಾರ ಮಾತ್ರ ಕೆಮ್ಮುತ್ತದೆ. ಆ ದಿನ ಸೋಲು ಗೆಲುವಿಲ್ಲ. ನಾಲ್ಕಾರು ಸುತ್ತು ಹಾಕಿ, ಜನಕ್ಕೆ ಕೈಬೀಸಿ ಬಂದರಾಯಿತು.

ಅಷ್ಟಕ್ಕಾಗಿ ಅವನು ವರ್ಷವಿಡೀ ಕಾಯುತ್ತಿದ್ದ. ಈ ಸಲವಂತೂ ಕಾಯಲು ಬೇರೇನೂ ಇರಲಿಲ್ಲ. ಚಳಿಗಾಲದಲ್ಲಿ ಹೆಂಡತಿ ನೋರೀನ್ ತೀರಿಕೊಂಡಿದ್ದಳು. ಮನೆಯಲ್ಲಿ ಮಾತಾಡುವುದು ರೇಡಿಯೋ ಒಂದೇ.

ಕಿಟಕಿಯಿಂದ ಕಾಲು ತೂರಿಸಿ ಒಳಗೆ ಕುಳಿತ. ಭುಜದ ಬೆಲ್ಟುಗಳನ್ನು ಹೇಗೋ ಸಿಕ್ಕಿಸಿದ. ಎಳೆದು ಬಿಗಿಯಲು ಊದಿಕೊಂಡ ಬೆರಳುಗಳು ಒಪ್ಪಲಿಲ್ಲ. ಮದುವೆಯಾದಂದಿನಿಂದ ಆ ಕೆಲಸ ನೋರೀನಳದು.

ತಪಾಸಣೆಗೆ ಬಂದ ಹುಡುಗಿ ಟ್ರಿಶ್ ಬೆಲ್ಟಿನಡಿ ಕೈ ತೂರಿಸಿದಳು.

“ಇದೇನ್ ತಾತ, ಇಲ್ಲಿ ನನ್ ಕೈಯಲ್ಲ, ಹಂದಿಮರೀನೇ ನುಗ್ಗುತ್ತೆ. ಬಿಗಿ ಇಲ್ದೆ ಟ್ರ್ಯಾಕಿಗೆ ಬಿಡಲ್ಲ. ನಾನೇ ಎಳೀಲಾ?”

“ಬೇಡಮ್ಮ, ನಮ್ಮನೇವ್ಳು ಬರ್ತಾಳೆ,” ಎಂದುಬಿಟ್ಟ.

ಅಭ್ಯಾಸಬಲ, ಬಾಯಿ ಜಾರಿತು. ಟ್ರಿಶ್ ಈ ವರ್ಷ ಹೊಸಬಳು, ಸರಿ ಎಂದು ಹೋದಳು. ಅವಳನ್ನು ತಿರುಗಿ ಕರೆಯಬಹುದಿತ್ತು. ಬಿಗುಮಾನ ಬಿಡಬೇಕಲ್ಲ! ಕಾರುಗಳ ಒಂದು ಗುಂಪು ಟ್ರ್ಯಾಕಿಗೆ ಹೋಯಿತು, ಇನ್ನೊಂದೂ ಹೋಯಿತು. ಉಳಿದದ್ದು ಕೊನೆಯ ಗುಂಪು. ಅದೂ ಹೋದರೆ ಮತ್ತೆ ಮುಂದಿನ ವರ್ಷ, ಅದೂ ಬದುಕಿದ್ದರೆ.

ಪಕ್ಕದ ಕಾರಿನ ಡೆಲ್ಮರ್ ಹಾಟ್‌ಡಾಗ್ ತಿನ್ನುತ್ತ ಇಣುಕಿದ. ಪ್ರಾಯದ ದಿನಗಳ ರೇಸಿನಲ್ಲಿ ವೆರ್ಲಿನನನ್ನು ಬೇಲಿಗೆ ಒತ್ತಿ ಮುಂದೆ ಹೋಗುತ್ತಿದ್ದವನು ಇವನೇ.

“ಏನಯ್ಯಾ, ನಿದ್ದೆ ಹೋದ್ಯಾ? ನಿನ್ ಇಂಜಿನ್ನಿಗಿಂತ ಗೊರಕೇನೇ ಜೋರು.”

ವೆರ್ಲಿನ್ ನಗಲಿಲ್ಲ. “ಡೆಲ್ಮರ್, ಈ ಬೆಲ್ಟ್ ಸ್ವಲ್ಪ ಎಳಿಯೋ.”

ಡೆಲ್ಮರ್ ಪ್ಯಾಂಟಿಗೆ ಕೈ ಒರೆಸಿಕೊಂಡು ಮೆಲ್ಲಗೆ ಎಳೆದ.

“ಹಂಗಲ್ಲ. ಬಾಗಿಲಿಗೆ ಮೊಣಕಾಲು ಕೊಟ್ಟು ಎಳಿ. ಅವ್ಳು ಹಂಗೇ ಎಳೀತಿದ್ಲು.”

“ಉಸಿರು ಕಟ್ಟುತ್ತಲ್ಲೋ!”

“ಕಟ್ಲಿ.”

ಡೆಲ್ಮರ್ ತಮಾಷೆ ಬಿಟ್ಟ. ಮೊಣಕಾಲು ಕೊಟ್ಟು, ಹಲ್ಲು ಕಚ್ಚಿ ಎಳೆದ.

ಈ ಸಲ ಟ್ರಿಶ್‌ಳ ಕೈ ಬೆಲ್ಟಿನಡಿ ನುಗ್ಗಲಿಲ್ಲ. ಕೊನೆಯ ಗುಂಪಿನ ಸುತ್ತುಗಳೂ ಮುಗಿದವು. ವೆರ್ಲಿನ್ ಯಾರನ್ನೂ ಹಿಂದೆ ಹಾಕಲಿಲ್ಲ, ಬೇಲಿಗೂ ತಗುಲಲಿಲ್ಲ. ಜನ ಕಾರುಗಳನ್ನು ಟ್ರೇಲರಿಗೆ ಏರಿಸತೊಡಗಿದರು. ಅವನು ಇಂಜಿನ್ ಆರಿಸಿ ಕುಳಿತೇ ಇದ್ದ. ಚಳಿಗಾಲದಿಂದೀಚೆಗೆ ಅವನನ್ನು ಯಾರೂ ಇಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ.

ಡೆಲ್ಮರ್ ಕಿಟಕಿಗೆ ಬಗ್ಗಿದ. “ಬೆರಳು ಆಡ್ತಿಲ್ವೇನೋ? ಬಿಚ್ಲಾ?”

“ಬೇಡ ಕಣೋ,” ಎಂದ ವೆರ್ಲಿನ್. “ಇನ್ನೊಂಚೂರು ಹೊತ್ತು ಇರ್ಲಿ.”