ಅಕ್ಕನ ಲಂಗದ ಮಡಿಕೆ

ಅಪ್ಪ ಮೈಸೂರಿನ ಒಂದು ಗಂಡುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು. ಖಾಕಿ ಚಡ್ಡಿ, ಬಿಳಿ ಅಂಗಿ, ಸುಣ್ಣ ಬಳಿದು ಒಣಗಿಸಿದ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ. ಒಂಟಿಕೊಪ್ಪಲಿನ ನಮ್ಮ ಬಾಡಿಗೆ ಮನೆಯಿಂದ ಅವರು ಸೈಕಲ್ ಹತ್ತಿ ಹೊರಟರೆಂದರೆ ಬೀದಿಯಲ್ಲಿ ಗೋಲಿ ಆಡುತ್ತಿದ್ದ ಹುಡುಗರು ಎದ್ದು ನೆಟ್ಟಗೆ ನಿಲ್ಲುತ್ತಿದ್ದರು. ನಿಮ್ಮಪ್ಪನಿಗೆ ಡ್ರಿಲ್ ಮಾಡಿಸುವುದಕ್ಕಿಂತ ಬಟ್ಟೆ ತಪಾಸಣೆಯಲ್ಲೇ ಹೆಚ್ಚು ಖುಷಿ ಎಂದು ಅವ್ವ ಛೇಡಿಸುತ್ತಿದ್ದಳು.

ಅದು ಸುಳ್ಳೇನಲ್ಲ. ಪಂಚೆ ಉಟ್ಟು ಮೈದಾನಕ್ಕೆ ಬಂದವನನ್ನು ಅಪ್ಪ ಮರದ ಕೆಳಗೆ ಕೂರಿಸಿಬಿಡುತ್ತಿದ್ದರು. ಅಣ್ಣನ ಚಡ್ಡಿ ಹಾಕಿಕೊಂಡು ಬಂದವನ ಸೊಂಟಕ್ಕೆ ತಮ್ಮ ಜೇಬಿನಿಂದಲೇ ಲಾಡಿ ತೆಗೆದು ಬಿಗಿಯುತ್ತಿದ್ದರು. ಬನಿಯನ್ ಹತ್ತಿಯದೇ ಆಗಬೇಕು, ಬೂಟಿನ ದಾರದ ತುದಿ ಒಳಗೆ ಸೇರಿರಬೇಕು, ಜೇಬಿನಲ್ಲಿ ಬಳಪದ ಚೂರೂ ಇರಕೂಡದು. ಅವರ ಒಂದು ಮಾತು ಆ ಶಾಲೆಯ ಹುಡುಗರಿಗೆಲ್ಲ ಬಾಯಿಪಾಠವಾಗಿತ್ತು: "ಸೊಂಟಕ್ಕೆ ಸಿಗಿಸ್ಕೊಂಡಿದ್ದು ಓಡೋವಾಗ ನಿಲ್ಲಲ್ಲ ಕಣ್ರೋ. ಹೊಲ್ದಿದ್ದು ನಿಲ್ತದೆ, ಕಟ್ಟಿದ್ದು ನಿಲ್ತದೆ."

ಆದರೆ ಈ ಕಾಯಿದೆಯೆಲ್ಲ ನಮ್ಮ ಮನೆಯ ಹೊಸ್ತಿಲವರೆಗೆ ಮಾತ್ರ. ಹೊಸ್ತಿಲ ಈಚೆಗೆ ಅಜ್ಜಿಯ ರಾಜ್ಯ. ಅಪ್ಪನ ತಾಯಿ ಅವರು, ಹಳ್ಳಿ ಬಿಟ್ಟು ಮಗನ ಜೊತೆ ಪೇಟೆಗೆ ಬಂದವರು. ನೂರು ಹುಡುಗರನ್ನು ಒಂದು ಸೀಟಿಯಲ್ಲಿ ನಿಲ್ಲಿಸುತ್ತಿದ್ದ ಅಪ್ಪ ಅವರ ಮುಂದೆ ತುಟಿಪಿಟಕ್ಕೆನ್ನುತ್ತಿರಲಿಲ್ಲ.

ನನ್ನ ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಅವಳಿಗೆ ನಡೆಯುವುದೆಂದರೆ ಬೇಸರ. ಅಂಗಡಿಗೆ ಕಳಿಸಿದರೂ ಓಟ, ನಲ್ಲಿಗೆ ಕಳಿಸಿದರೂ ಓಟ. ಹೆಣ್ಣುಮಕ್ಕಳ ಶಾಲೆಯಲ್ಲಿ ನೂರು ಗಜದ ಪಂದ್ಯದಲ್ಲಿ ಎರಡು ವರ್ಷ ಅವಳನ್ನು ಮೀರಿಸಿದವರಿರಲಿಲ್ಲ. ಮೂರನೆಯ ವರ್ಷ, ಅವಳಿಗೆ ಹದಿನಾಲ್ಕು ತುಂಬಿದ ಹೊತ್ತಿಗೆ, ದೊಡ್ಡವಳಾದಳು. ಅಜ್ಜಿ ದಾವಣಿ ಹೊದಿಸಿದರು. ಲಂಗ ಇನ್ನು ಮೇಲೆ ಪಾದ ಮುಟ್ಟಬೇಕು ಎಂದು ಆಜ್ಞೆಯಾಯಿತು.

ಶಾಲೆಯ ಆಟೋಟದ ದಿನ ಹತ್ತಿರ ಬಂತು. ಯಾದವಗಿರಿಯ ಬಂಗಲೆಗಳಿಂದ ಬರುವ ಒಂದಿಬ್ಬರು ಹುಡುಗಿಯರು ಓಡುವುದಕ್ಕೆಂದೇ ಪೈಜಾಮ ಹೊಲಿಸಿಕೊಂಡಿದ್ದರು. ತನಗೂ ಅಂಥದ್ದು ಬೇಕು ಎಂದು ಅಕ್ಕ ಅಪ್ಪನನ್ನು ಕೇಳಿದಳು. ಅಪ್ಪ ಅಜ್ಜಿಯ ಮುಖ ನೋಡಿದರು.

"ಪೈಜಾಮನಂತೆ! ನಾಳೆ ನೋಡಕ್ಕೆ ಬರೋರು ಏನಂದಾರು? ಗಂಡುಡುಗ್ರಂಗೆ ಕಾಲ್ ಬುಟ್ಕೊಂಡು ಓಡೋ ಹೆಣ್ಣು ಅಂತ ಊರೆಲ್ಲ ಸಾರ್ತಾರೆ ಅಷ್ಟೇಯ," ಎಂದರು ಅಜ್ಜಿ. ಅಪ್ಪ ಎದ್ದು ಸೈಕಲ್ ಒರೆಸುವುದಕ್ಕೆ ಹೋದರು.

ದಾರಿ ಹುಡುಕಿದವಳು ಅವ್ವ. ಆಗ ನಮ್ಮಂಥ ಮನೆಗಳಲ್ಲಿ ಒಂದು ಲಂಗ ನಾಲ್ಕು ವರ್ಷ ಬರಬೇಕಿತ್ತು. ಉದ್ದವಾಗಿಯೇ ಹೊಲಿದು, ಹೆಚ್ಚಾದ ಬಟ್ಟೆಯನ್ನು ಮೊಣಕಾಲಿನ ಕೆಳಗೆ ಎರಡು ಮೂರು ಸುತ್ತು ಮಡಿಕೆ ಹಿಡಿದು ಹೊಲಿಗೆ ಹಾಕುತ್ತಿದ್ದರು. ಹುಡುಗಿ ಬೆಳೆದಂತೆ ಪ್ರತಿ ಯುಗಾದಿಗೆ ಒಂದೊಂದು ಮಡಿಕೆ ಬಿಚ್ಚುವುದು. ಬಿಚ್ಚಿದ ಜಾಗದಲ್ಲಿ ಬಟ್ಟೆಯ ಬಣ್ಣ ಗಾಢವಾಗಿ ಪಟ್ಟೆಯಾಗಿ ಉಳಿಯುತ್ತಿತ್ತು. ಅವ್ವ ಅಕ್ಕನ ನೀಲಿ ಚೌಕುಳಿಯ ಲಂಗವನ್ನು ತೆಗೆದು, ಹಿಂದೆ ಬಿಚ್ಚಿದ್ದ ಎರಡು ಮಡಿಕೆಗಳನ್ನು ಮತ್ತೆ ಹಿಡಿದು ಹೊಲಿದಳು. ಲಂಗ ಕಣಕಾಲಿಗಿಂತ ನಾಲ್ಕು ಬೆರಳು ಮೇಲೆ ನಿಂತಿತು. "ಹೊಸ್ದೇನಲ್ವಲ್ಲ, ಹಳೇ ಮಡಿಕೇನೆ. ಸ್ಕೂಲಲ್ಲೇ ಉಟ್ಕೊ, ಓಟ ಮುಗುದ್ಮೇಲೆ ಬದ್ಲಾಯಿಸ್ಕೊಂಡ್ ಬಾ," ಎಂದಳು. ಅಕ್ಕ ಹಿತ್ತಿಲಲ್ಲಿ ಆ ತುದಿಯಿಂದ ಈ ತುದಿಗೆ ಓಡಿ ನೋಡಿ, ಒಗೆಯುವ ಕಲ್ಲಿನ ಮೇಲೆ ಕೂತು ನಕ್ಕಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಆಟೋಟದ ದಿನ ಬೆಳಿಗ್ಗೆ ಅವ್ವ ನೀರು ಹಿಡಿಯಲು ಬೀದಿ ನಲ್ಲಿಗೆ ಹೋಗಿದ್ದಳು. ಅಕ್ಕ ಬಚ್ಚಲಿನಲ್ಲಿದ್ದಳು. ಅಜ್ಜಿ ಅಕ್ಕನ ಚೀಲದಿಂದ ಲಂಗ ತೆಗೆದು ನನ್ನನ್ನು ಕರೆದರು.

"ನಂಗೆ ದಾರ ಕಾಣಾಕಿಲ್ಲ. ನಿನ್ ಕಣ್ಣು ಸೂಕ್ಷ್ಮ ಕಣವ್ವ. ಈ ಹೊಲ್ಗೆ ಬಿಚ್ಬುಡು. ಯಾರ್ಗೂ ಏಳ್ಬ್ಯಾಡ."

ನನಗೆ ಒಂಬತ್ತು ವರ್ಷ. ಆಟೋಟ, ಲಂಗ, ಓಟ ಎಂದು ವಾರದಿಂದ ಮನೆಯಲ್ಲಿ ಎಲ್ಲ ಅಕ್ಕನದೇ ಮಾತು, ನನ್ನನ್ನು ಕೇಳುವವರಿರಲಿಲ್ಲ. ಅಜ್ಜಿ ನನ್ನ ಕಣ್ಣನ್ನು ಹೊಗಳಿದ್ದು ನನಗೆ ಹಿತವಾಯಿತು. ಹೊಟ್ಟೆಕಿಚ್ಚೂ ಇತ್ತು, ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ಏನಾಗಬೇಕಾಗಿದೆ? ಬಾಗಿಲ ಸಂದಿಯಲ್ಲಿ ಕೂತು ಎರಡು ಮಡಿಕೆಗಳನ್ನೂ ಬಿಚ್ಚಿದೆ, ಬಟ್ಟೆ ಎಲ್ಲೂ ಹರಿಯದಂತೆ ದಾರ ಎಳೆದೆ. ಲಂಗವನ್ನು ಮೊದಲಿದ್ದ ಹಾಗೆಯೇ ಮಡಿಸಿ ಚೀಲದಲ್ಲಿಟ್ಟೆ. ಅಜ್ಜಿ ಕೊಬ್ಬರಿ ಬೆಲ್ಲ ಕೊಟ್ಟರು. ಅಕ್ಕನಿಗೆ ಸಿಟ್ಟು ಬರುತ್ತದೆಂದು ನನಗೆ ಗೊತ್ತಿತ್ತು. ಬೀಳುತ್ತಾಳೆಂದು ಗೊತ್ತಿರಲಿಲ್ಲ.

ಮಧ್ಯಾಹ್ನ ಶಾಲೆಯ ಮೈದಾನದಲ್ಲಿ ಹಗ್ಗದ ಆಚೆ ಅವ್ವನೂ ನಾನೂ ಕೂತಿದ್ದೆವು. ಆ ದಿನ ಸೀಟಿ ಊದಿ ಓಟ ಶುರು ಮಾಡಿಸುವುದಕ್ಕೆ ಶಾಲೆಯವರು ಅಪ್ಪನನ್ನೇ ಕರೆಸಿದ್ದರು. ಹುಡುಗಿಯರು ಸಾಲಾಗಿ ಬಂದರು. ಅಕ್ಕನ ಲಂಗ ಪಾದದವರೆಗೆ ಇಳಿದಿತ್ತು. ಮತ್ತೆ ಹೊಲಿಯಲು ಹೊತ್ತಿಲ್ಲದೆ ಅವಳು ಎರಡೂ ಬದಿಯ ಬಟ್ಟೆಯನ್ನು ಎತ್ತಿ ಸೊಂಟಕ್ಕೆ ಸಿಗಿಸಿಕೊಂಡಿದ್ದಳು.

"ಅಯ್ಯೋ, ಮಡಿಕೆ ಎಲ್ಲೋಯ್ತು?" ಎಂದು ಅವ್ವ ಅರ್ಧ ಎದ್ದಳು. ಆಮೇಲೆ ನನ್ನ ಕಡೆ ತಿರುಗಿದಳು. ನಾನು ತಲೆ ತಗ್ಗಿಸಿ ಹುಲ್ಲು ಕೀಳುತ್ತಿದ್ದೆ. ಅವ್ವ ಮೆಲ್ಲಗೆ ಕೂತುಕೊಂಡಳು.

ಅಪ್ಪ ಸಾಲಿನ ಮುಂದೆ ನಡೆದು ಬರುತ್ತಾ ಅಕ್ಕನ ಮುಂದೆ ನಿಂತರು. ಅವರ ಕಣ್ಣು ಅವಳ ಸೊಂಟದ ಹತ್ತಿರ ಹೋಗಿ ಅಲ್ಲೇ ನಿಂತಿದ್ದನ್ನು ನಾನು ದೂರದಿಂದಲೂ ಕಂಡೆ. ಗಂಡು ಹುಡುಗನಾಗಿದ್ದರೆ ಸಾಲಿನಿಂದ ಆಚೆ ಎಳೆಯುತ್ತಿದ್ದರು. ಆದರೆ ಅಲ್ಲಿ ಹೆಡ್‌ಮಿಸ್ಟ್ರೆಸ್ ಇದ್ದರು, ಊರಿನ ನಾಲ್ಕು ದೊಡ್ಡ ಮನುಷ್ಯರಿದ್ದರು, ಹುಡುಗಿಯರ ತಾಯಂದಿರಿದ್ದರು. ಬೆಳೆದ ಮಗಳಿಗೆ ಅಷ್ಟು ಜನರೆದುರು ತಂದೆಯಾದವನು ಲಂಗದ ಮಾತು ಆಡುವುದು ಹೇಗೆ? ಅಪ್ಪ ಮುಂದಿನ ಹುಡುಗಿಯ ಕಡೆ ಹೆಜ್ಜೆ ಇಟ್ಟರು. ಸಾಲಿನ ತುದಿಗೆ ಹೋಗಿ ಸೀಟಿ ಊದಿದರು.

ಅಕ್ಕ ಎಲ್ಲರಿಗಿಂತ ಮುಂದಿದ್ದಳು. ಗುರಿಯ ದಾರಕ್ಕೆ ಹತ್ತು ಹೆಜ್ಜೆ ಇರುವಾಗ ಬಲಗಡೆ ಸಿಗಿಸಿದ್ದ ಬಟ್ಟೆ ಜಾರಿ ಕಾಲಿಗೆ ಸಿಕ್ಕಿತು. ಮಂಡಿ ಊರಿ ಬಿದ್ದಳು. ಅಲ್ಲಿ ಗಡಿ ಗುರುತಿಗೆ ಹುಗಿದಿದ್ದ ಒಂದು ಕಲ್ಲಿತ್ತು.

ದೊಡ್ಡಾಸ್ಪತ್ರೆಯ ಡಾಕ್ಟರು ಮಂಡಿಯ ಚಿಪ್ಪು ಒಡೆದಿದೆ ಎಂದರು, ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಗಾಯ ಮಾಯಿತು, ಆದರೆ ಆ ಕಾಲನ್ನು ಮತ್ತೆ ಮಡಿಸಲಾಗಲಿಲ್ಲ. ಕಣಕಾಲು ಕಂಡರೆ ಸಂಬಂಧ ತಪ್ಪೀತೆಂದು ಅಜ್ಜಿ ಹೆದರಿದ್ದರು. ಕಾಲೆಳೆದು ನಡೆಯುವ ಹುಡುಗಿಯನ್ನು ಕೇಳಿಕೊಂಡು ಒಬ್ಬರೂ ಬರಲಿಲ್ಲ.

ಕಾಲಿಗೆ ಪ್ಲಾಸ್ಟರ್ ಹಾಕಿ ಮನೆಗೆ ಕರೆತಂದ ದಿನ ಅಕ್ಕ ಮಂಚದ ಮೇಲಿಂದಲೇ ಕೇಳಿದಳು: "ಮಡಿಕೆ ಬಿಚ್ಚಿದೋರು ಯಾರು?"

ಅಜ್ಜಿ ಗೋಡೆ ಕಡೆ ತಿರುಗಿ ಎಲೆ ಅಡಿಕೆ ಹುಡುಕತೊಡಗಿದರು. ಅಪ್ಪ ಅಂಗಳದಲ್ಲಿದ್ದರು. ನಾನು ಅವ್ವನ ಸೆರಗು ಹಿಡಿದು ನಿಂತಿದ್ದೆ. ಅವ್ವ ನನ್ನ ಕೈಯನ್ನು ತನ್ನ ಕೈಯಿಂದ ಮುಚ್ಚಿ, "ನಾನೇ ಕಣವ್ವ. ಜನ ಏನಂತಾರೋ ಅಂತ ಎದ್ರುಕೊಂಡ್ಬುಟ್ಟೆ," ಎಂದಳು.

ಅಕ್ಕ ಅವ್ವನ ಮುಖ ನೋಡಿದಳು. ಆಮೇಲೆ ಗೋಡೆ ಕಡೆ ತಿರುಗಿದಳು. ಅಂದಿನಿಂದ ಒಂಬತ್ತು ವರ್ಷ ಅವಳು ಅವ್ವನೊಂದಿಗೆ ಮಾತಾಡಲಿಲ್ಲ. ಏನಾದರೂ ಬೇಕಾದರೆ, "ಅವ್ವಂಗೆ ಹೇಳು," ಎಂದು ನನ್ನ ಕೈಲಿ ಹೇಳಿಸುತ್ತಿದ್ದಳು. ಇಬ್ಬರ ನಡುವೆ ಮಾತು ಹೊರುವ ಕೆಲಸ ನನಗೇ ಬಿತ್ತು. ಆ ಶಿಕ್ಷೆ ನನಗೆ ಸರಿಯಾಗಿಯೇ ಇತ್ತು.

ಅಪ್ಪ ಆಮೇಲೂ ಹುಡುಗರ ಬಟ್ಟೆ ತಪಾಸಣೆ ಮಾಡುತ್ತಿದ್ದರು. ಆದರೆ ಸೊಂಟಕ್ಕೆ ಸಿಗಿಸಿದ್ದರ ಮಾತನ್ನು ಮತ್ತೆ ಆಡಲಿಲ್ಲವೆಂದು ಅವರ ಶಿಷ್ಯರೊಬ್ಬರು ಹೇಳಿದ್ದು ನೆನಪಿದೆ.

ಅಕ್ಕ ಹೊಲಿಗೆ ಕಲಿತಳು. ಕಾಲಿನಲ್ಲಿ ತುಳಿಯುವ ಮೆಷಿನ್ನು ಅವಳಿಂದ ಆಗದು, ಕೈಯಲ್ಲಿ ತಿರುಗಿಸುವುದನ್ನು ತರಿಸಿಕೊಂಡಳು. ಸುತ್ತಲಿನ ಶಾಲೆಗಳ ಹೆಣ್ಣುಮಕ್ಕಳು ಆಟದ ಬಟ್ಟೆಗೆ ಅವಳ ಹತ್ತಿರವೇ ಬರುವಂತಾಯಿತು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು, ಕಾಲವೂ ಸ್ವಲ್ಪ ಸಡಿಲವಾಗಿತ್ತು. ಅಕ್ಕ ಬರೀ ಅಳತೆ ತೆಗೆದು ಸುಮ್ಮನಾಗುತ್ತಿರಲಿಲ್ಲ. ಹೊಲಿದದ್ದನ್ನು ಹಾಕಿಸಿ, "ಕೂತ್ಕೊ, ಏಳು, ಬಗ್ಗು, ಈಗ ಗೇಟಿನವರ್ಗೂ ಓಡು," ಎನ್ನುತ್ತಿದ್ದಳು. ತೊಡೆಯ ಹತ್ತಿರ ಹಿಡಿದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಹುಡುಗಿ ಓಡುವಾಗ ಅವಳು ಮುಖ ನೋಡುತ್ತಿರಲಿಲ್ಲ, ಬಟ್ಟೆಯ ಅಂಚನ್ನೇ ನೋಡುತ್ತಿದ್ದಳು.

ಹೊಲಿದ ಬಟ್ಟೆಗಳಿಗೆ ಗುಂಡಿ, ಕಾಜ, ಹುಕ್ಕು ಹಾಕುತ್ತಿದ್ದವಳು ಅವ್ವ. ಅಕ್ಕ ಮುಗಿಸಿದ್ದನ್ನು ಹೊಸ್ತಿಲ ಹತ್ತಿರ ಇಡುತ್ತಿದ್ದಳು, ಅವ್ವ ಬಂದು ತೆಗೆದುಕೊಂಡು ಹೋಗುತ್ತಿದ್ದಳು. ಸಂಜೆಗೆ ಅದು ಅದೇ ಜಾಗಕ್ಕೆ ವಾಪಸು ಬರುತ್ತಿತ್ತು. ಒಂದು ದಿನ ತಡೆಯಲಾರದೆ ನಾನು, "ಅಕ್ಕಂಗೆ ನಿಜ ಹೇಳ್ಬುಡ್ತೀನಿ," ಎಂದು ಅವ್ವನ ಮುಂದೆ ಅತ್ತುಬಿಟ್ಟೆ.

"ಬ್ಯಾಡ," ಎಂದಳು ಅವ್ವ. "ನಂಗೇನು, ಇವತ್ತಿದ್ದು ನಾಳೆ ಹೋಗೋಳು. ಅವ್ಳಿಗೆ ಕೊನೇವರ್ಗೂ ಇರೋಳು ನೀನೊಬ್ಳೇ. ನಿನ್ ಮ್ಯಾಲೂ ಮನಸು ಮುರ್ಕೊಂಡ್ರೆ ಅವ್ಳು ಯಾರ್ನ ನೋಡ್ಕೊಂಡ್ ಬಾಳ್ಬೇಕು?"

ನಾನು ಒಪ್ಪಿದೆ. ಅವ್ವನ ಮಾತಿಗೆ ಬೆಲೆ ಕೊಟ್ಟು ಒಪ್ಪಿದೆನೆಂದು ಹೇಳಿಕೊಳ್ಳಬಹುದು. ಆದರೆ ಆ ಗಳಿಗೆಯಲ್ಲಿ ನನಗೆ ಆದದ್ದು ಸಮಾಧಾನ, ತಪ್ಪಿಸಿಕೊಂಡೆನಲ್ಲ ಎಂಬ ಸಮಾಧಾನ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ನಾನು ಕಾಲೇಜು ಸೇರಿದ ವರ್ಷ ಅವ್ವನಿಗೆ ಜ್ವರ ಬಂತು. ಎರಡು ವಾರ ಬಿಡಲಿಲ್ಲ. ಕೊನೆಯ ದಿನಗಳಲ್ಲಿ ಅಕ್ಕ ಗಂಜಿ ಕಾಸಿ ತಂದು ಮಂಚದ ಪಕ್ಕ ಇಟ್ಟು ನಿಲ್ಲುತ್ತಿದ್ದಳು. ಬಾಯಿ ತೆರೆಯುವಳೋ ಎಂದು ಅವ್ವ ಅವಳ ಮುಖವನ್ನೇ ನೋಡುತ್ತಿದ್ದಳು. ಅಕ್ಕನ ತುಟಿ ಅಲುಗಿದ್ದನ್ನು ಒಂದು ಸಲ ನಾನು ಕಂಡೆ. ಆದರೆ ಮಾತು ಬರಲಿಲ್ಲ, ಕಾಲೆಳೆದುಕೊಂಡು ಆಚೆ ಹೋದಳು. ಆಗಲಾದರೂ ನಾನು ಅವಳ ಹಿಂದೆ ಹೋಗಬೇಕಿತ್ತು. ಹೋಗಲಿಲ್ಲ. ಮಾರನೆಯ ಬೆಳಿಗ್ಗೆ ಅವ್ವ ಹೋಗಿಬಿಟ್ಟಳು.

ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರು ಹೊರಟ ಮೇಲೆ, ಅಕ್ಕ ಮೆಷಿನ್ನಿನ ಮುಂದೆ ಸುಮ್ಮನೆ ಕೂತಿದ್ದಳು. ಕಾಲೇಜಿನ ಆಟಕ್ಕೆಂದು ನನಗೆ ಹೊಲಿದಿದ್ದ ಪೈಜಾಮ ಹೊಸ್ತಿಲ ಹತ್ತಿರವೇ ಬಿದ್ದಿತ್ತು, ಹುಕ್ಕು ಹಾಕದೆ. ನಾನು ಅವಳ ಎದುರು ನೆಲದ ಮೇಲೆ ಕೂತೆ. ಅಜ್ಜಿ ಕರೆದದ್ದು, ದಾರ ಎಳೆದದ್ದು, ಕೊಬ್ಬರಿ ಬೆಲ್ಲ, ಅವ್ವ ನನ್ನ ಕೈ ಮುಚ್ಚಿದ್ದು, ಎಲ್ಲವನ್ನೂ ಹೇಳಿದೆ. ಬಯ್ಯಲಿ, ಹೊಡೆಯಲಿ, ನನ್ನ ಜೊತೆಯೂ ಮಾತು ಬಿಡಲಿ ಎಂದು ಕಾದೆ.

ಅವಳು ತನ್ನ ಚಾಚಿದ ಕಾಲನ್ನು ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಒಂಬತ್ತು ವರ್ಷ ಸುಮ್ನಿದ್ದೆಯಲ್ಲ, ಅದೋಗ್ಲಿ ಬುಡು. ಹನ್ನೆರಡು ದಿನದ ಹಿಂದೆ ಹೇಳಿದ್ರೆ ಸಾಕಾಗಿತ್ತು ಕಣೇ."