ಕುರ್ಚಿ ಬೇಡದ ನತಾಲಿನಾ ಅಕ್ಕೋರು

ನತಾಲಿನಾ ಅಕ್ಕೋರ ಮೇಜಿಗೆ ಕುರ್ಚಿ ಇರಲಿಲ್ಲ. ಸಿಟ್ಟು ಬಂದರೆ ಅವರಿಗೆ ಕೂಡಲು ಆಗುತ್ತಿರಲಿಲ್ಲ, ಸಿಟ್ಟು ಬಾರದ ದಿನ ಅಪರೂಪ. ಯಾವುದೋ ಪರೀಕ್ಷೆಯ ಹೊತ್ತಿನಲ್ಲಿ ಅವರ ಕುರ್ಚಿಯನ್ನು ಪಕ್ಕದ ಕೋಣೆಗೆ ಒಯ್ದವರು ಮರಳಿ ತಂದಿಡಲಿಲ್ಲ, ಅವರೂ ಕೇಳಲಿಲ್ಲ. ಎತ್ತರದ ಆಳು. ಗುಂಗುರು ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಂಪ್ಯೂಟರ್ ಮುಂದೆ ನಿಂತರೆ ನಳದ ಕಟ್ಟೆಯ ಜಗಳಕ್ಕೆ ನಿಂತ ಹಾಗೆಯೇ ಕಾಣುತ್ತಿತ್ತು.

ನಾನು ದಾಂಡೇಲಿಯ ಆ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಅಪ್ಪ ಧಾರವಾಡದ ಕಡೆಯಿಂದ ಕಾಗದದ ಮಿಲ್ಲಿಗೆ ಕೆಲಸಕ್ಕೆಂದು ಬಂದವರು, ನಾನು ಬಂಗೂರನಗರದಲ್ಲೇ ಹುಟ್ಟಿ ಬೆಳೆದವನು. ಅಕ್ಕೋರು ಜೀವಶಾಸ್ತ್ರ ಕಲಿಸುತ್ತಿದ್ದರು. ಹಳಿಯಾಳ ತಾಲ್ಲೂಕಿನ ಕಾಡಂಚಿನ ಒಂದು ವಾಡಾ ಅವರ ಊರು, ಅಲ್ಲಿರುವುದೆಲ್ಲ ಸಿದ್ದಿಗಳ ಮನೆಗಳೇ. ಅಲ್ಲಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ರಾಫ್ಟಿಂಗಿಗೆ ಬಂದ ಪ್ರವಾಸಿಯೊಬ್ಬ ಬಸ್ಸಿನಲ್ಲಿ ಅವರನ್ನು ನೋಡಿ, ನೀವು ಆಫ್ರಿಕಾದ ಯಾವ ದೇಶದವರು ಎಂದು ಇಂಗ್ಲಿಷಿನಲ್ಲಿ ಕೇಳಿದನಂತೆ. "ಹಳಿಯಾಳ ದೇಶದಾಕಿ ಅಂದೆ. ನೀವು ಯಾವ ದೇಶದಾವ್ರು, ಕನ್ನಡ ಬರಂಗಿಲ್ಲೇನ್ರಿ ಅಂತ ಕೇಳಿದೆ," ಎಂದು ಬಂದವರೇ ನನ್ನ ಮುಂದೆ ಹೇಳಿ, ಆ ಸಿಟ್ಟಿನಲ್ಲೇ ಎರಡು ತರಗತಿ ಮುಗಿಸಿದರು.

ಜೀವಶಾಸ್ತ್ರದವರಿಗೆ ನನ್ನ ಲ್ಯಾಬಿನಲ್ಲಿ ಏನು ಕೆಲಸ ಎಂದು ನಾನೊಮ್ಮೆ ಕೇಳಿದ್ದೆ. "ಕಪ್ಪಿ ಕೊಯ್ಯೂ ಕಾಲ ಹೋತು ತಮ್ಮಾ," ಎಂದರು. "ಒಂದು ಹನಿ ರಕ್ತದಾಗ ಕಪಾಟ ತುಂಬೂವಷ್ಟು ಬರವಣಿಗಿ ಇರತೈತಿ. ಯಂತ್ರ ಅದನ್ನ ಇಡೀ ಓದಂಗಿಲ್ಲ, ಚೂರು ಚೂರು ಮಾಡಿ ಓದತೈತಿ. ಆ ಚೂರೆಲ್ಲಾ ಜೋಡಿಸಿ, ಒಬ್ಬರದು ಇನ್ನೊಬ್ಬರ ಜೋಡಿ ಹೋಲಿಸಿ ನೋಡಬೇಕಂದ್ರ ನಿನ್ನ ಕಂಪ್ಯೂಟರ್ ಬೇಕು." ಕಂಪ್ಯೂಟರಿಗೆ ಬೈಯುತ್ತಲೇ ಕೆಲಸ ಮಾಡಿಸುವುದು ಅವರ ರೂಢಿ. ಅದು ನಿಧಾನವಾದರೆ "ಯಾಕಲೇ, ಉಂಡಿಲ್ಲೇನು?" ಎನ್ನುವರು. ಆದರೆ ತಪ್ಪು ಉತ್ತರ ಬಂದಾಗ ಮಾತ್ರ ಅದಕ್ಕೆ ಒಂದು ಮಾತೂ ಅನ್ನುತ್ತಿರಲಿಲ್ಲ, ತಾವು ಬರೆದುಕೊಟ್ಟ ಆದೇಶವನ್ನೇ ಮೊದಲಿನಿಂದ ಓದುತ್ತಿದ್ದರು.

ಅವರ ದೊಡ್ಡ ಸಿಟ್ಟಿನ ಕಥೆ ಹೇಳಬೇಕಾದರೆ ಒಂದಿಷ್ಟು ಹಿಂದೆ ಹೋಗಬೇಕು. ಅವರು ಎಂ.ಎಸ್ಸಿ. ಓದುತ್ತಿದ್ದಾಗ ದೊಡ್ಡ ಊರಿನ ಸಂಶೋಧನಾ ಸಂಸ್ಥೆಯೊಂದರ ತಂಡ ರಾಜ್ಯದ ಹಲವು ಹಳ್ಳಿಗಳಲ್ಲಿ ರಕ್ತದ ಮಾದರಿ ಸಂಗ್ರಹಿಸುತ್ತಿತ್ತು. ಮಲೇರಿಯಾಕ್ಕೆ ಕೊಡುವ ಒಂದು ಮಾತ್ರೆ ಕೆಲವರಿಗೆ ಒಗ್ಗುವುದಿಲ್ಲ. ಹುಟ್ಟಿನಿಂದಲೇ ಅವರ ರಕ್ತದಲ್ಲಿ ಒಂದು ದೋಷವಿರುತ್ತದೆ, ಆ ಮಾತ್ರೆ ನುಂಗಿದರೆ ರಕ್ತಕಣ ಒಡೆದುಹೋಗುತ್ತದೆ. ಅಂಥ ದೋಷ ಯಾವ ಊರಲ್ಲಿದೆ, ಯಾವ ಊರಲ್ಲಿಲ್ಲ ಎಂದು ತಿಳಿಯುವುದು ತಂಡದ ಕೆಲಸ. ವಾಡಾದ ಜನ ಹೊರಗಿನವರಿಗೆ ಕೈ ಕೊಡಲು ಒಪ್ಪಲಿಲ್ಲ. ವಿದ್ಯಾರ್ಥಿಯಾಗಿ ತಂಡ ಸೇರಿದ್ದ ಅಕ್ಕೋರೇ ಮನೆಮನೆಗೆ ಹೋಗಿ ಒಪ್ಪಿಸಿದರು. ಎಲ್ಲರ ಅಂಜಿಕೆ ಬಿಡಿಸಲು ಅವರ ತಾಯಿ ಎಲ್ಲರಿಗಿಂತ ಮೊದಲು ಬಂದು ತೋಳು ಚಾಚಿದಳು. ಮನೆಮಾತು ಕೊಂಕಣಿ, ತಾಯಿಯನ್ನು ಅವರು ಮಾಯ್ ಎನ್ನುತ್ತಿದ್ದರು. ಆ ವಾಡಾದಲ್ಲಿ ಮಾಯ್ ಮುಂದೆ ನಿಂತರೆ ಉಳಿದವರು ಹಿಂದೆ ನಿಲ್ಲುವುದು ಮದುವೆಯಿಂದ ಮಣ್ಣಿನವರೆಗೆ ಎಲ್ಲದಕ್ಕೂ ನಡೆದುಬಂದ ಕ್ರಮ.

ವರದಿ ಬಂತು. ಆ ವಾಡಾದಲ್ಲಿ ದೋಷ ಕಂಡುಬಂದಿಲ್ಲ ಎಂದಿತ್ತು. ಇಂಗ್ಲಿಷಿನ ಆ ಒಂದು ಸಾಲನ್ನು ನಂಬಿ ಆರೋಗ್ಯ ಇಲಾಖೆಯವರು ಅಲ್ಲಿ ಯಾವ ಪರೀಕ್ಷೆಯೂ ಇಲ್ಲದೆ ಮಾತ್ರೆ ಕೊಡತೊಡಗಿದರು. ಅಕ್ಕೋರ ಚಿಕ್ಕಪ್ಪನ ಮಗ ಬಸ್ತ್ಯಾಂವ, ಅವರ ಜೊತೆ ಒಂದೇ ಅಂಗಳದಲ್ಲಿ ಬೆಳೆದವನು, ಕೂಲಿಗೆ ಹೋದಲ್ಲಿ ಚಳಿಜ್ವರ ತಂದುಕೊಂಡ. ಮಾತ್ರೆ ನುಂಗಿದ. ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿತು. ಹಳಿಯಾಳಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ ಎಂದು ಓಡಾಡುವಷ್ಟರಲ್ಲಿ ಸತ್ತುಹೋದ. ದೇಹ ತಂದಾಗ ಅವನ ತಾಯಿ ಅಳಲಿಲ್ಲವಂತೆ. ಅಕ್ಕೋರ ಕಡೆ ನೋಡಿ, "ನಿನ್ನ ಮಾತ ಕೇಳಿ ರಕ್ತ ಕೊಟ್ಟಿದ್ವಲ್ಲಾ, ಅವರಿಗೆ ನಮ್ಮ ರಕ್ತದಾಗ ಏನೂ ಕಾಣಲಿಲ್ಲೇನು?" ಎಂದು ಕೇಳಿದಳಂತೆ.

ಮಣ್ಣು ಮುಗಿಸಿಕೊಂಡು ಬಂದ ಅಕ್ಕೋರು ಮೊದಲು ಮಾಡಿದ್ದೇ ಆ ಸಂಸ್ಥೆಗೆ ಫೋನು. ನಾನು ಪಕ್ಕದಲ್ಲೇ ಇದ್ದೆ. ಆ ಕಡೆಯಿಂದ ನುಣ್ಣಗಿನ ದನಿಯೊಂದು, "ನಿಮ್ಮ ನೋವು ನಮಗೆ ಅರ್ಥ ಆಗುತ್ತೆ ಮೇಡಂ," ಎಂದಿತು.

"ನನ್ನ ನೋವು ನನ್ನ ಹಂತ್ಯಾಕ ಇರಲಿ ಬಿಡ್ರಿ. ನೀವು ಬೇಯಿಸಿ ಬಡಿಸಿದ್ದು ನನಗ ಬ್ಯಾಡ. ಹಸೀದ ಕೊಡ್ರಿ, ಯಂತ್ರದಿಂದ ಹೊರಗ ಬಂದದ್ದು ಬಂದಂಗ ಕೊಡ್ರಿ. ಮತ್ತೊಮ್ಮೆ ಲೆಕ್ಕಾ ಮಾಡತೇನಿ."

ಅಕ್ಕೋರು ತಂಡದಲ್ಲಿದ್ದವರಾದ್ದರಿಂದ ಇಲ್ಲ ಎನ್ನಲಾಗದೆ ಕೊಟ್ಟರು. ಆದರೆ ಲೆಕ್ಕ ಮಾಡುವುದೆಲ್ಲಿ? ಆ ಸಂಸ್ಥೆಯಲ್ಲಿ ಸೂಪರ್ ಕಂಪ್ಯೂಟರ್ ಇದೆ, ಸಾವಿರಾರು ಯಂತ್ರಗಳು ಒಟ್ಟಿಗೆ ದುಡಿಯುವಂಥದ್ದು. ನಮ್ಮಂಥವರು ದೂರದಿಂದಲೇ ಕೆಲಸ ಕಳಿಸಿ ಸರದಿಯಲ್ಲಿ ಕಾಯಬೇಕು. ದೊಡ್ಡವರ ಕೆಲಸ ಬಂದರೆ ಸಣ್ಣವರದು ಹಿಂದಕ್ಕೆ ಹೋಗುತ್ತದೆ. ಅಕ್ಕೋರು ಬೆಳಿಗ್ಗೆ ಬಂದವರೇ ಪರದೆ ನೋಡುವರು, 'ಸರದಿಯಲ್ಲಿದೆ' ಎಂದಿರುತ್ತಿತ್ತು. ಸಂಜೆ ಬಸ್ಸಿಗೆ ಹೊರಡುವಾಗಲೂ ಅದೇ. "ರೇಶನ್ ಅಂಗಡ್ಯಾಗ ಮುಂದ ನಿಂತಾವ್ರ ಮಾರಿಯರ ಕಾಣತೈತಿ, ಜಗಳಾ ತಗೀಬಹುದು. ಇಲ್ಲಿ ಯಾರ ಜೋಡಿ ಜಗಳಾಡ್ಲಿ ಹೇಳು?" ಎಂದು ನನ್ನ ಮೇಲೇ ಹರಿಹಾಯ್ದರು. ಕೊನೆಗೊಂದು ದಿನ ಆ ಯಂತ್ರದಲ್ಲಿದ್ದ ಅವರ ಖಾತೆಯನ್ನೇ ಸಂಸ್ಥೆಯವರು ಮುಚ್ಚಿದರು. ಅವಧಿ ಮುಗಿದಿದೆ ಎಂದು ಕಾರಣ ಕೊಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಮಳೆಗಾಲ ಬಂದರೆ ಮತ್ತೆ ಜ್ವರ, ಮತ್ತೆ ಅದೇ ಮಾತ್ರೆ, ಮತ್ತೆ ಯಾರದೋ ಮನೆಯ ಹುಡುಗ ಎಂದು ಇವರಿಗೆ ಹೇಳುವುದಾದರೂ ಹೇಗೆ?

ಬೇಸಿಗೆ ರಜೆ ಬಂದಿತ್ತು. ಪ್ರಿನ್ಸಿಪಾಲರನ್ನು ಕೇಳಿ ಲ್ಯಾಬಿನ ಹಳೆಯ ಕಂಪ್ಯೂಟರುಗಳನ್ನೆಲ್ಲ ತಂತಿ ಎಳೆದು ಒಂದಕ್ಕೊಂದು ಜೋಡಿಸಿದೆ, ಕೆಲಸ ಹಂಚಿಕೊಂಡು ಮಾಡುವ ಹಾಗೆ. ಸೂಪರ್ ಕಂಪ್ಯೂಟರ್ ಒಂದು ಮಧ್ಯಾಹ್ನದಲ್ಲಿ ಮುಗಿಸುವುದಕ್ಕೆ ನಮಗೆ ಇಡೀ ರಜೆ ಬೇಕಾಯಿತು. ಕರೆಂಟು ಹೋದಾಗಲೆಲ್ಲ ಅರ್ಧ ಕೆಲಸ ನೀರುಪಾಲು. "ಅಂಬಿಕಾನಗರದ ಕರೆಂಟು ಊರೂರು ಬೆಳಗತೈತಿ, ನನ್ನ ಕಡೆ ಬಂದ್ರ ಅದಕ್ಕ ನಿದ್ದಿ ಬರತೈತಿ!" ಎಂದು ಅಕ್ಕೋರು ಕಿಟಕಿಯ ಕಡೆ ತಿರುಗಿ ಕೂಗುತ್ತಿದ್ದರು. ಮಿಲ್ಲಿನ ವಾಸನೆ, ಹತ್ತಾರು ಯಂತ್ರಗಳ ಬಿಸಿ, ನಡುವೆ ಬೆವರು ಒರೆಸಿಕೊಳ್ಳುತ್ತ ನಿಂತ ಅವರು. ಆ ರಜೆಯಲ್ಲಿ ಅವರ ಜೊತೆ ದುಡಿದದ್ದಕ್ಕೆ ನನಗೆ ಈಗಲೂ ಹೆಮ್ಮೆಯಿದೆ.

ತಪ್ಪು ಸಿಕ್ಕಿತು. ಇಂಥ ಲೆಕ್ಕದಲ್ಲಿ ಒಂದು ಕ್ರಮವಿದೆ. ಹತ್ತಿರದ ರಕ್ತಸಂಬಂಧಿಗಳ ರಕ್ತ ಒಂದೇ ಥರ ಇರುವುದರಿಂದ ಒಂದು ಮನೆಯಿಂದ ಒಬ್ಬರನ್ನು ಮಾತ್ರ ಇಟ್ಟುಕೊಂಡು ಉಳಿದವರನ್ನು ಬಿಡುತ್ತಾರೆ. ಯಾರು ಯಾರಿಗೆ ಹತ್ತಿರ ಎಂಬುದನ್ನು ಪ್ರತಿಯೊಬ್ಬರ ರಕ್ತವನ್ನೂ ಉಳಿದೆಲ್ಲರದರ ಜೊತೆ ಹೋಲಿಸಿ ತಿಳಿಯಬೇಕು. ಅದಕ್ಕೆ ಯಂತ್ರದ ಸಮಯ ಬಹಳ ಬೇಕು. ಆ ಸಮಯ ಉಳಿಸಲೆಂದು ತಂಡದವರು ಅಡ್ಡಹೆಸರು ನೋಡಿ ಮನೆ ಗುರುತಿಸಿದ್ದರು. ವಾಡಾದವರೆಲ್ಲರ ಅಡ್ಡಹೆಸರೂ ಸಿದ್ದಿ. ಇಡೀ ಊರು ಒಂದೇ ಮನೆಯಾಯಿತು. ಆ ಮನೆಯಿಂದ ಸಾಲಿನಲ್ಲಿ ಮೊದಲಿದ್ದ ಒಬ್ಬರನ್ನು ಇಟ್ಟುಕೊಂಡು ಯಂತ್ರ ಉಳಿದವರನ್ನೆಲ್ಲ ಕೈಬಿಟ್ಟಿತ್ತು.

ಕಡತದಲ್ಲಿ ಪೂರ್ತಿ ಹೆಸರಿಲ್ಲ, ಸಂಖ್ಯೆ ಮತ್ತು ಅಡ್ಡಹೆಸರು ಮಾತ್ರ. ಆದರೆ ಆ ದಿನ ಸೀಸೆಗಳಿಗೆ ಸಂಖ್ಯೆಯ ಚೀಟಿ ಅಂಟಿಸಿದವರೇ ಅಕ್ಕೋರು. ಪರದೆಯ ಮೇಲೆ ಉಳಿದಿದ್ದ ಆ ಒಂದು ಸಂಖ್ಯೆ ನೋಡಿ ಅವರು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿದರು. ನಾನು ಪಕ್ಕದ ಕೋಣೆಯಿಂದ ಕುರ್ಚಿ ತಂದೆ. ಮೊದಲ ಸಲ ಅವರು ಕೂತದ್ದನ್ನು ಕಂಡೆ.

"ಮಾಯ್‌ದು," ಎಂದರು. "ಎಲ್ಲಾರ ಅಂಜಿಕಿ ಹೋಗಲಿ ಅಂತ ಮೊದಲ ಕೈ ಕೊಟ್ಟಿದ್ಲು. ಆಕಿ ರಕ್ತದಾಗ ದೋಷ ಇಲ್ಲ. ಹಂಗಂತ ಊರಾಗ ಯಾರಿಗೂ ಇಲ್ಲ ಅಂತ ಬರದಾರ."

ಬಿಟ್ಟುಹೋದವರನ್ನೆಲ್ಲ ಸೇರಿಸಿ ಲೆಕ್ಕ ಹಾಕಿದಾಗ ದೋಷವಿದ್ದವರು ಒಬ್ಬಿಬ್ಬರಲ್ಲ. ಬಸ್ತ್ಯಾಂವನ ರಕ್ತವೂ ಆ ಕಡತದಲ್ಲಿತ್ತು. ಅವನು ಬದುಕಿದ್ದಾಗಲೇ, ಮಾತ್ರೆ ನುಂಗುವ ಎಷ್ಟೋ ಮೊದಲೇ, ಉತ್ತರ ಅವರ ಕೈಯಲ್ಲಿತ್ತು. ತೆರೆದು ನೋಡುವ ತ್ರಾಸು ಯಾರೂ ತೆಗೆದುಕೊಂಡಿರಲಿಲ್ಲ.

ನಮ್ಮ ಲೆಕ್ಕ ಕಳಿಸಿದ ಮೇಲೆ ಸಂಸ್ಥೆಯವರು ವರದಿ ತಿದ್ದಿದರು. ಕಾಲೇಜಿಗೂ ಒಂದು ಪ್ರತಿ ಬಂತು, ಜೊತೆಗೆ ಅಕ್ಕೋರ ಹೆಸರಿಗೆ ಚಿನ್ನದ ಅಂಚಿನ ಒಂದು ಪ್ರಶಂಸಾಪತ್ರ. ಅಷ್ಟರಲ್ಲಿ ಅಕ್ಕೋರು ಕೆಲಸ ಬಿಟ್ಟಿದ್ದರು. ಮಳೆಗೆ ಮುಂಚೆ ವಾಡಾದ ಪ್ರತಿಯೊಬ್ಬರ ಪರೀಕ್ಷೆ ಆಗಬೇಕು ಎಂದು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರು. ಪತ್ರ, ವರದಿ ಎರಡನ್ನೂ ಕೊಟ್ಟುಬರಲು ವಾಡಾಕ್ಕೆ ನಾನೇ ಹೋದೆ. ಅದೇ ಕೊನೆಯ ಭೇಟಿ. ಆಮೇಲೆ ಅವರು ಇದೇ ಕೆಲಸ ಹಿಡಿದು ಮುಂಡಗೋಡದ ಕಡೆಯ ಊರುಗಳಿಗೆ ಹೋದರೆಂದು ಕೇಳಿದೆ. ಲ್ಯಾಬಿನ ಆ ಮೇಜಿಗೆ ಈಗ ಹೊಸ ಕುರ್ಚಿ ಬಂದಿದೆ, ಅದನ್ನು ಕಂಡಾಗಲೆಲ್ಲ ನನಗೆ ಸುಮ್ಮನೆ ಸಿಟ್ಟು ಬರುತ್ತದೆ.

ನಾನು ಹೋದ ಆ ದಿನ ವಾಡಾದ ಶಾಲೆಯ ಕಟ್ಟೆಯ ಮೇಲೆ ನರ್ಸಮ್ಮ ಕೂತು ಒಬ್ಬೊಬ್ಬರ ಬೆರಳು ಚುಚ್ಚಿ ರಕ್ತದ ಹನಿ ತೆಗೆಯುತ್ತಿದ್ದರು. ಪಕ್ಕದಲ್ಲಿ ಅಕ್ಕೋರು ನಿಂತಿದ್ದರು, ಸೆರಗು ಸೊಂಟದಲ್ಲಿ. "ನಿನ್ನ ಹೆಸರ ಹೇಳು. ನಿಮ್ಮವ್ವನ ಹೆಸರ ಹೇಳು. ಸಿದ್ದಿ ಅಂತ ಹೇಳಬ್ಯಾಡ, ಅದು ನನಗ ಗೊತ್ತೈತಿ," ಎಂದು ಪ್ರತಿಯೊಬ್ಬರನ್ನೂ ಗದರಿಸಿ ಕೇಳುತ್ತಿದ್ದರು.

ಪ್ರಶಂಸಾಪತ್ರವನ್ನು ಬಿಚ್ಚಲಿಲ್ಲ. ತಿದ್ದಿದ ವರದಿಯನ್ನು ಮಾತ್ರ ನಿಂತಲ್ಲೇ ಓದಿದರು. ಹಿಂದಿನ ತಪ್ಪಿಗೆ ಕಾರಣ ಕಂಪ್ಯೂಟರ್ ದೋಷ ಎಂದು ಒಂದು ಕಡೆ ಸಣ್ಣಕ್ಷರದಲ್ಲಿತ್ತು.

"ಕಂಪ್ಯೂಟರ್ ಪಾಪ ಏನ ಮಾಡೀತು? ಹೇಳಿದ್ದನ್ನ ಮಾಡೇತಿ. ಹೇಳಿದಾವ್ರ ಹೆಸರು ಎಲ್ಲೈತಿ ಇದರಾಗ? ಬಸ್ತ್ಯಾಂವನ ಹೆಸರು ಎಲ್ಲೈತಿ?" ಎಂದು ಕೇಳಿದರು.

ಅಷ್ಟರಲ್ಲಿ ಸಾಲಿನಲ್ಲಿ ಗದ್ದಲವಾಯಿತು. ಮಾಯ್ ಬಂದಿದ್ದಳು. ಮುದುಕಿ ಯಾರನ್ನೂ ಕೇಳದೆ, ಕೋಲು ಊರುತ್ತ, ಎಂದಿನಂತೆ ನೇರವಾಗಿ ಎಲ್ಲರ ಮುಂದೆ ಬಂದು ನಿಂತು ಬೆರಳು ಚಾಚಿದಳು. ಜನ ದಾರಿ ಬಿಟ್ಟರು. ನರ್ಸಮ್ಮ ಸೂಜಿ ಎತ್ತಿಕೊಂಡರು.

ಅಕ್ಕೋರು ಆ ಕೈಯನ್ನು ಮೆಲ್ಲಗೆ ಹಿಡಿದು ಮಡಚಿದರು. ನನಗೂ ತಿಳಿಯಲೆಂದೋ ಏನೋ, ಕನ್ನಡದಲ್ಲೇ ಹೇಳಿದರು:

"ಈ ಸಲ ನೀ ಕಡೀಕ ನಿಂದ್ರ, ಮಾಯ್. ಮೊದಲ ಇವರೆಲ್ಲಾರದೂ ಆಗಲಿ."