ರಿಪೋರ್ಟಿನಲ್ಲಿ ಇಲ್ಲದ ಸಾಲು

ನಮ್ಮ ಚಿಕ್ಕಮ್ಮ ಇಪ್ಪತ್ತೆರಡು ವರ್ಷ ಕಂಡವರ ರಕ್ತ ನೋಡಿಯೇ ಅನ್ನ ತಿಂದವಳು. ಲ್ಯಾಬಿನ ಹಿಂದಿನ ಕೋಣೆ, ಸ್ಪಿರಿಟ್ ವಾಸನೆ, ಕುಂಟುವ ಸ್ಟೂಲು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟೂ ಇಟ್ಟೂ ಈಗ ಬದನೆಕಾಯನ್ನೂ ಒಂದು ಕಣ್ಣು ಮುಚ್ಚಿಯೇ ನೋಡುತ್ತಾಳೆ.

ನಾನು ಹುಟ್ಟಾ ಬಿಳಿಚಿಕೊಂಡವಳು. ಹೈಸ್ಕೂಲಿನಿಂದ ಕಬ್ಬಿಣದ ಟಾನಿಕ್ ಕುಡಿದೆ. ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ. ಹಲ್ಲು ಕಪ್ಪಾಯಿತು, ಹೊಟ್ಟೆ ಕಲ್ಲಾಯಿತು, ಹಿಮೋಗ್ಲೋಬಿನ್ ಮಾತ್ರ ಹತ್ತೂವರೆ ದಾಟಲಿಲ್ಲ. "ಉಣ್ಣೋಕೂ ಸೋಮಾರಿತನ ನಿಂಗೆ," ಎನ್ನುತ್ತಿದ್ದರು ಮದುವೆಯಾದ ಮೇಲೆ ಅತ್ತೆ. ಆ ಬಾಟಲಿ ನೆನೆದರೆ ಈಗಲೂ ವಾಕರಿಕೆ ಬರುತ್ತದೆ.

ಬಸುರಿಯಾದ ಮೂರನೇ ತಿಂಗಳಲ್ಲಿ ಡಾಕ್ಟರು ಮತ್ತೆ ಅದನ್ನೇ ಬರೆದರು. ರೇಗಿ ಹೋಗಿ ಚಿಕ್ಕಮ್ಮನೆದುರು ತೋಳು ಚಾಚಿದೆ. ಅವಳು ರಕ್ತ ತೆಗೆದು ಯಂತ್ರಕ್ಕೆ ಹಾಕಿ ಪರದೆಗೆ ಬಗ್ಗಿದಳು.

"ಕೆಂಪು ಕಣ ಸಣ್ಣವು, ಬಣ್ಣ ಕಮ್ಮಿ. ಆದ್ರೆ ಎಣಿಕೆ ನೋಡೇ, ಗಂಡಸರಿಗಿಂತ ಜಾಸ್ತಿ. ಕಬ್ಬಿಣ ಕಮ್ಮಿ ಇದ್ರೆ ಇಷ್ಟು ಇರಲ್ಲ."

ದೊಡ್ಡ ಆಸ್ಪತ್ರೆಯಿಂದ ಉತ್ತರ ಬಂತು: ಹುಟ್ಟಿನಿಂದಲೇ ಬಂದ ಥಲಸೇಮಿಯಾ ಎಂಬ ರಕ್ತದೋಷ, ಸೌಮ್ಯವಾದದ್ದು. ಕಬ್ಬಿಣ ಬೇಕಾದಷ್ಟಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನಗೆ ಅಪಾಯವಿಲ್ಲ. ಆದರೆ ಗಂಡನಿಗೂ ಇದೇ ಇದ್ದರೆ, ಮಗು ಬದುಕಿಡೀ ಬೇರೆಯವರ ರಕ್ತ ಏರಿಸಿಕೊಂಡೇ ಬದುಕಬೇಕಾಗಬಹುದು.

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ," ಎಂದ ಗಂಡ.

"ಗುಂಡುಕಲ್ಲಿಗೂ ಒಂದು ಸೂಜಿ," ಎಂದು ಚಿಕ್ಕಮ್ಮ ರಟ್ಟೆ ಹಿಡಿದು ಕೂರಿಸಿದಳು.

ಎರಡು ದಿನ ಕಾದೆ. ಅವನ ರಕ್ತದಲ್ಲಿ ಆ ದೋಷ ಇರಲಿಲ್ಲ. ಸಮಾಧಾನಕ್ಕೆ ಅತ್ತುಬಿಟ್ಟೆ. ನಂತರ ಸಿಟ್ಟು ಬಂತು.

"ಇಷ್ಟು ವರ್ಷ ಯಾವ ಕುರುಡ ನೋಡಿದ್ದು ನನ್ ರಕ್ತಾನ?"

ಚಿಕ್ಕಮ್ಮ ನನ್ನ ಹಳೇ ಫೈಲು ತೆಗೆದಳು. ಹನ್ನೊಂದು ರಿಪೋರ್ಟು, ಒಂದೊಂದರಲ್ಲೂ ನಾಲ್ಕೇ ಸಾಲು: ಹಿಮೋಗ್ಲೋಬಿನ್, ಕಣದ ಗಾತ್ರ, ಅಂಥವು. ಅಂಕಿ ಜಾಸ್ತಿಯಾದರೆ ಜನ ಗಾಬರಿಯಾಗುತ್ತಾರೆಂದು ಲ್ಯಾಬಿನ ಯಜಮಾನರು ಕಣದ ಎಣಿಕೆಯನ್ನೇ ಕಿತ್ತುಹಾಕಿಸಿದ್ದರು. ಕೆಳಗೆ ಮೊದಲೇ ಅಚ್ಚಾದ ಮಾತು: ಕಬ್ಬಿಣದ ಕೊರತೆ. ಅದರ ಕೆಳಗೆ ಸಹಿ.

"ಪರದೆ ಮೇಲೆ ಎಣಿಕೆ ಇರ್ತಿತ್ತು. ಅಚ್ಚಾಗಿದೆಯಲ್ಲ ಅಂತ ನೋಡ್ದೇನೇ ಸಹಿ ಹಾಕ್ದೆ. ಕುರುಡಿ ನಾನೇ."

ನನ್ನನ್ನು ಎತ್ತಿ ಆಡಿಸಿದವಳು. ಅವಳ ಮೇಲೂ ಅಸಹ್ಯವಾಯಿತು, ಸುಳ್ಳೇಕೆ ಹೇಳಲಿ.

"ನಂದು ಬಿಡು. ಇನ್ನೆಷ್ಟು ಜನರದು ಹೀಗೆ?" ಎಂದೆ.

ಅವಳು ಹಿಂದಿನ ಗೋಡೆ ತೋರಿಸಿದಳು. ನೆಲದಿಂದ ಸೂರಿನವರೆಗೆ ಫೈಲು. ಒಂದು ಕಟ್ಟು ಇಳಿಸಿ ಧೂಳು ಕೊಡವಿ ನನ್ನ ಮುಂದಿಟ್ಟಳು.

"ಕಣ ಸಣ್ಣವು ಅಂತ ಇರೋದನ್ನೆಲ್ಲ ಬೇರೆ ಇಡು. ಅವರಿಗೆಲ್ಲ ನಾನು ಫೋನ್ ಮಾಡಿ ಮತ್ತೆ ಪರೀಕ್ಷೆಗೆ ಕರೀತೀನಿ."